ತೂತು ಬಿದ್ದ ಪೇಪರ್

ಐಂಡ್‌ಹೋವನ್
ನೆದರ್ಲೆಂಡ್ಸ್
18 ಮೇ 2025, ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ಇಲ್ಲಿ ಈಗ ರಾತ್ರಿ ಒಂಬತ್ತೂಕಾಲು. ಇನ್ನೂ ಬೆಳಕಿದೆ. ಪುಟ್ಟ ಮಲಗೋಕೆ ಒಪ್ಪುತ್ತಿಲ್ಲ. ಸೂರ್ಯನೇ ಮಲಗಿಲ್ಲ, ನಾನ್ಯಾಕೆ ಮಲಗಲಿ ಅಂತ ದಿನಾ ಇದೇ ವಾದ.

ಅಪ್ಪ, ನಿನ್ನೆ ಫೋನಿನಲ್ಲಿ ನೀವು ಯಾವಾಗಲೂ ಕೇಳೋ ಹಾಗೆ ‘ಅಲ್ಲಿ ಪೇಪರ್‌ನಲ್ಲಿ ಏನಮ್ಮ ವಿಶೇಷ?’ ಅಂತ ಕೇಳಿದಿರಿ. ನಾನೂ ಯಾವಾಗಲೂ ಹೇಳೋ ಹಾಗೆ ‘ಏನಿಲ್ಲಪ್ಪ’ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಬೇಜಾರಾಯಿತು. ನೀವು ಹಾಸನದಲ್ಲಿ ಕೂತು ಇಷ್ಟು ದೂರದ ಊರಿನ ಸುದ್ದಿ ಕೇಳುತ್ತೀರಿ, ಇಲ್ಲೇ ಇರೋ ನಾನು ಏನಿಲ್ಲ ಅನ್ನುತ್ತೀನಿ. ಅದೂ ಎಂಥ ಶನಿವಾರ ಭಾನುವಾರ ಗೊತ್ತಾ! ಅದಕ್ಕೇ ಬರೆಯೋಕೆ ಕೂತಿದ್ದೀನಿ. ಉದ್ದ ಆಗುತ್ತೆ. ಅಮ್ಮನಿಗೆ ಓದಿ ಹೇಳುವಾಗ ಮಧ್ಯದಲ್ಲಿ ಒಂದು ಕಾಫಿ ಕುಡಿದುಕೊಳ್ಳಿ.

ಮೊದಲು ಪೇಪರಿನ ಕಥೆ ಹೇಳುತ್ತೀನಿ. ಇಲ್ಲಿ ಭಾನುವಾರ ಪೇಪರ್ ಬರೋದಿಲ್ಲ. ನಿಜವಾಗಲೂ. ದೊಡ್ಡ ಪೇಪರ್‌ಗಳೂ ಅಷ್ಟೆ, ನಮ್ಮ ಊರಿನ ಪೇಪರೂ ಅಷ್ಟೆ, ಸೋಮವಾರದಿಂದ ಶನಿವಾರ. ನಮ್ಮನೆಯಲ್ಲಿ ಭಾನುವಾರದ ಪುರವಣಿಗೆ ನಾನೂ ತಮ್ಮನೂ ಕಿತ್ತಾಡಿ, ಕೊನೆಗೆ ಅದು ಎರಡು ತುಂಡಾಗಿ, ಕಥೆಯ ಮೊದಲರ್ಧ ನನಗೆ, ಮಿಕ್ಕಿದ್ದು ಅವನಿಗೆ ಅಂತ ಆಗುತ್ತಿದ್ದದ್ದು ನೆನಪಿದೆಯಲ್ಲ? ಇಲ್ಲಿ ಆ ದಪ್ಪ ಪೇಪರು ಶನಿವಾರವೇ ಬಂದುಬಿಡುತ್ತೆ, ಅದನ್ನೇ ಎರಡು ದಿನ ಎಳೆದು ಎಳೆದು ಓದಬೇಕು. ಶನಿವಾರ ರಾತ್ರಿಯಾಗಲಿ ಭಾನುವಾರವಾಗಲಿ ಏನೇ ನಡೆದರೂ ಅದು ಅಚ್ಚಾಗಿ ಕೈಗೆ ಸಿಗೋದು ಸೋಮವಾರ.

ನಾನು ಪೇಪರ್ ತರಿಸೋದಿಲ್ಲ. ಪಕ್ಕದ ಮನೆ ಅಜ್ಜ ತರಿಸುತ್ತಾರೆ. ಶನಿವಾರ ಪೂರ್ತಿ ಓದಿ, ಪದಬಂಧ ತುಂಬಿ, ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲಿನಲ್ಲಿರೋ ಕಾಗದ ಹಾಕುವ ಕಿಂಡಿಯಿಂದ ಒಳಗೆ ತಳ್ಳುತ್ತಾರೆ. ನನಗೆ ಡಚ್ ಕಲಿಯೋಕೆ ಅನುಕೂಲ ಆಗಲಿ ಅಂತ. ಮೂರು ವರ್ಷದಿಂದ ಇದು ನಡೀತಿದೆ. ತಲೆಬರಹ ಓದುತ್ತೀನಿ, ಚಿತ್ರದ ಕೆಳಗಿನ ಸಾಲು ಓದುತ್ತೀನಿ, ಮಿಕ್ಕಿದ್ದರಲ್ಲಿ ಅರ್ಧ ಊಹೆ. ಪುಟ್ಟ ನನಗಿಂತ ಚೆನ್ನಾಗಿ ಓದುತ್ತಾನೆ, ಆದರೆ ಅವನಿಗೆ ಹವಾಮಾನದ ಪುಟ ಬಿಟ್ಟು ಬೇರೇನೂ ಬೇಡ.

ಇವತ್ತು ಬಂದ ಪೇಪರಿನಲ್ಲಿ ಒಂದು ತೂತು. ಅಂಗೈ ಅಗಲದ ಚೌಕ, ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದು. ಅಜ್ಜಿಯ ಕೆಲಸ ಅಂತ ಕೂಡಲೇ ಗೊತ್ತಾಯಿತು. ಈಗ ಬಿಳಿ ಆಸ್ಪರಾಗಸ್ ಕಾಲ ನೋಡಿ, ಪೇಪರ್ ತುಂಬ ಅದರದ್ದೇ ಅಡುಗೆ. ಅಜ್ಜಿ ಒಂದನ್ನ ಕತ್ತರಿಸಿಕೊಂಡಿದ್ದಾರೆ. ಅಮ್ಮ, ನೀನು ಹಿಂದೆ ಏನಿದೆ ಅಂತ ನೋಡದೆ ರಂಗೋಲಿ ಚಿತ್ರ ಕತ್ತರಿಸಿಕೊಂಡು ಅಪ್ಪನ ಸಂಪಾದಕೀಯ ಹಾಳು ಮಾಡುತ್ತಿದ್ದೆಯಲ್ಲ, ಅದೇ. ಇಲ್ಲೂ ಅದರ ಹಿಂದಿನ ಪುಟದಲ್ಲಿ ಫುಟ್‌ಬಾಲ್ ಸುದ್ದಿ ಇತ್ತು. ಇಡೀ ಊರು ಉಸಿರು ಬಿಗಿಹಿಡಿದು ಕಾಯುತ್ತಿದ್ದ ಸುದ್ದಿಗೇ ಸರಿಯಾಗಿ ನಡುವೆ ತೂತು.

ಆ ಆಸ್ಪರಾಗಸ್ ಬಗ್ಗೆ ಒಂದು ಮಾತು, ಅಮ್ಮನಿಗೋಸ್ಕರ. ಇದು ನಮ್ಮ ಹಲವು ಮಕ್ಕಳ ತಾಯಿ ಬೇರಿನ ಜಾತಿಯದ್ದೇ. ನಮ್ಮಲ್ಲಿ ಬೇರು ತಿಂದರೆ ಇವರು ಚಿಗುರು ತಿನ್ನುತ್ತಾರೆ. ಬಿಸಿಲು ಸೋಕದ ಹಾಗೆ ಮಣ್ಣು ಏರಿಸಿ ಮುಚ್ಚಿ ಬೆಳೆಸುತ್ತಾರೆ, ಅದಕ್ಕೇ ಬೆಳ್ಳಗಿರುತ್ತೆ. ಜೂನ್ 24ರವರೆಗೆ ಕೀಳುತ್ತಾರೆ, ಆಮೇಲೆ ನಿಲ್ಲಿಸುತ್ತಾರೆ. ಬೆಣ್ಣೆ, ಬೇಯಿಸಿದ ಮೊಟ್ಟೆ, ಹಂದಿಮಾಂಸದ ಜೊತೆ ಇವರ ಊಟ. ನಾನು ಸಿಪ್ಪೆ ಹೆರೆದು, ಕಾಯಿತುರಿ ಹಾಕಿ ಪಲ್ಯ ಮಾಡಿದೆ. ಸುಮಾರಾಗಿತ್ತು. ನುಗ್ಗೆಕಾಯಿ ಅಂದುಕೊಂಡು ತಿಂದರೆ ನಿರಾಸೆ, ಬೇರೆ ಏನೋ ಅಂದುಕೊಂಡರೆ ಪರವಾಗಿಲ್ಲ.

ಸರಿ, ಶನಿವಾರಕ್ಕೆ ಬರೋಣ. ಶನಿವಾರ ಮಧ್ಯಾಹ್ನ ನಮ್ಮನೆಯಲ್ಲಿ ಪೇಪರೂ ಇಲ್ಲ, ನೆದರ್ಲೆಂಡ್ಸೂ ಇಲ್ಲ. ನಿಮ್ಮ ಅಳಿಯ ನಾಲ್ಕು ಗಂಟೆಗೇ ಬಿಳಿ ಟೀ ಶರ್ಟ್ ಹಾಕಿ ಸೋಫಾ ಮೇಲೆ ಕೂತಿದ್ದರು. ಕೊಹ್ಲಿ ಸೋಮವಾರ ಟೆಸ್ಟ್ ಬಿಟ್ಟರಲ್ಲ, 123 ಟೆಸ್ಟ್ ಆಡಿ. ಅದಕ್ಕೆ ಚಿನ್ನಸ್ವಾಮಿಯಲ್ಲಿ ಜನ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಇವರು ಐಂಡ್‌ಹೋವನ್‌ನಲ್ಲಿ ಕೂತು ಹಾಕಿಕೊಂಡರು. ಗಡಿಯ ಗಲಾಟೆಯಿಂದ ಐಪಿಎಲ್ ಒಂದು ವಾರ ನಿಂತು ಮತ್ತೆ ಶುರುವಾಗೋ ದಿನ ಬೇರೆ. (ಆ ವಾರ ನಾನು ಫೋನ್ ಎತ್ತಿದ ಕೂಡಲೇ ಮೊದಲು ನೋಡುತ್ತಿದ್ದದ್ದೇ ನಮ್ಮ ಸುದ್ದಿ. ಅದರ ಬಗ್ಗೆ ಈಗ ಬೇಡ.) ಆಮೇಲೆ ಗೊತ್ತಲ್ಲ, ಮಳೆ. ಟಾಸ್ ಕೂಡ ಆಗಲಿಲ್ಲ. ಮೂರು ಗಂಟೆ ನಿಮ್ಮ ಅಳಿಯ ನೋಡಿದ್ದು ಪಿಚ್ ಮೇಲೆ ಹೊದಿಸಿದ್ದ ಟಾರ್ಪಾಲು. ನಾನು ಮಾತ್ರ ಮಳೆಯನ್ನೇ ನೋಡಿದೆ, ಅಪ್ಪ. ಇಲ್ಲಿ ಮಾರ್ಚಿನಿಂದ ಮಳೆ ಅನ್ನೋದೇ ಕಮ್ಮಿ. ಪುಟ್ಟನ ಹವಾಮಾನ ಪುಟದಲ್ಲಿ ದಿನಾ ಸೂರ್ಯನ ಚಿತ್ರ. ಹುಲ್ಲು ಒಣಗಿದೆ. ನೀರಿನ ಮೇಲೇ ಮನೆ ಕಟ್ಟಿಕೊಂಡ ದೇಶದವರು ಮಳೆ ಯಾವಾಗ ಬರುತ್ತೆ ಅಂತ ಆಕಾಶ ನೋಡುತ್ತಿದ್ದಾರೆ. ಬೆಂಗಳೂರಿನಲ್ಲಿ ಸುರಿದದ್ದರಲ್ಲಿ ಒಂದು ಬಿಂದಿಗೆ ಈ ಕಡೆ ಬಗ್ಗಿಸಬಾರದಿತ್ತಾ?

ರಾತ್ರಿ ಒಂಬತ್ತಕ್ಕೆ ಹಾಡಿನ ಸ್ಪರ್ಧೆ. ಯೂರೋವಿಷನ್ ಅಂತಾರೆ. 1956ರಿಂದ ನಡೀತಿದೆ, ಒಂದೊಂದು ದೇಶ ಒಂದೊಂದು ಹಾಡು ಕಳಿಸಬೇಕು. ಈ ಸಲ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿತ್ತು, ಫೈನಲ್‌ಗೆ 26 ದೇಶ. ಡೆಲ್ಫ್ಟ್‌ನಲ್ಲಿ ಓದುತ್ತಿರೋ ಅರಸೀಕೆರೆ ಹುಡುಗಿ ಬಗ್ಗೆ ಹೇಳಿದ್ದೆನಲ್ಲ, ಅವಳು ನಮ್ಮನೆಗೆ ಬಂದಿದ್ದಳು. ಇಬ್ಬರೂ ಮಂಡಕ್ಕಿ ಕಲಸಿಕೊಂಡು ಕೂತೆವು. ಅಪ್ಪ, ನಿಮಗೆ ಇದು ಅರ್ಥ ಆಗೋ ಹಾಗೆ ಹೇಳಬೇಕೂಂದ್ರೆ, ಅರ್ಧ ಜಾತ್ರೆ, ಅರ್ಧ ಚುನಾವಣೆ. ಹಾಡು ಮುಗಿಯೋಕೆ ಎಷ್ಟು ಹೊತ್ತೋ, ಅಂಕ ಎಣಿಸೋಕೂ ಹೆಚ್ಚೂಕಮ್ಮಿ ಅಷ್ಟೇ ಹೊತ್ತು. ಹೋದ ವರ್ಷ ಇವರ ಹಾಡುಗಾರನನ್ನ ಫೈನಲ್ ದಿನವೇ ಹೊರಗೆ ಹಾಕಿದ್ದರು, ಆ ಸಿಟ್ಟು ಇಲ್ಲಿಯವರಿಗೆ ಇನ್ನೂ ಇದೆ. ಈ ವರ್ಷ ಹೋದವನು ಕ್ಲೋಡ್ ಅಂತ, ಹುಟ್ಟಿದ್ದು ಕಾಂಗೋದಲ್ಲಿ, ಚಿಕ್ಕವನಿದ್ದಾಗ ಆಶ್ರಯ ಕೇಳಿಕೊಂಡು ಈ ದೇಶಕ್ಕೆ ಬಂದವನು. ಅವನ ಅಮ್ಮ ಕಷ್ಟದಲ್ಲೂ ಹೇಳುತ್ತಿದ್ದ ಮಾತಿನ ಮೇಲೆ ಆ ಹಾಡು. ನೆದರ್ಲೆಂಡ್ಸ್ ಕಳಿಸಿದ ಹಾಡಿನಲ್ಲಿ ಒಂದು ಪದವೂ ಡಚ್ ಇರಲಿಲ್ಲ, ಫ್ರೆಂಚು ಮತ್ತು ಇಂಗ್ಲಿಷು. ಕೊನೆಯಲ್ಲಿ ಕನ್ನಡಿಯೊಳಗೆ ಒಬ್ಬ ಪುಟ್ಟ ಹುಡುಗ ಕಾಣುತ್ತಾನೆ, ಅವನೇ ಚಿಕ್ಕವನಿದ್ದ ಹಾಗೆ. ಅಲ್ಲಿ ನಮ್ಮ ಅರಸೀಕೆರೆ ಹುಡುಗಿ ಮಂಡಕ್ಕಿ ಅಗಿಯೋದು ನಿಲ್ಲಿಸಿದಳು. ಹನ್ನೆರಡನೇ ಸ್ಥಾನ ಬಂತು. ನನ್ನ ಲೆಕ್ಕದಲ್ಲಿ ಮೋಸ.

ಗೆದ್ದವನು ಆಸ್ಟ್ರಿಯಾದ ಹುಡುಗ. ಗಂಡಸು, ಹೆಣ್ಣುದನಿಯ ಎತ್ತರಕ್ಕೆ ಏರಿ ಹಾಡುತ್ತಾನೆ, ಬಿರುಗಾಳಿಯಲ್ಲಿ ಸಿಕ್ಕ ದೋಣಿಯ ಮೇಲೆ ನಿಂತು, ಎಲ್ಲ ಕಪ್ಪು ಬಿಳುಪಿನಲ್ಲಿ. ನಾಟಕದ ಕಂಪನಿಗಳಲ್ಲಿ ಗಂಡಸರು ಸ್ತ್ರೀಪಾತ್ರ ಮಾಡಿ ಹಾಡುತ್ತಿದ್ದದ್ದನ್ನ ತಾತ ಹೇಳುತ್ತಿದ್ದರಲ್ಲ, ನೀವು ನೋಡಿದ್ದರೆ ತಲೆದೂಗುತ್ತಿದ್ದಿರಿ ಅನ್ನಿಸಿತು.

ಆದರೆ ನನಗೆ ಮರೆಯೋಕೆ ಆಗದ್ದು ಸ್ವಿಟ್ಜರ್ಲೆಂಡಿನ ಹುಡುಗಿ. ಅಂಕ ಎರಡು ಕಡೆಯಿಂದ ಬರುತ್ತೆ, ತೀರ್ಪುಗಾರರದ್ದು ಅರ್ಧ, ಟಿವಿ ನೋಡೋ ಜನರದ್ದು ಅರ್ಧ. ತೀರ್ಪುಗಾರರು ಅವಳನ್ನ ಎರಡನೇ ಸ್ಥಾನದಲ್ಲಿ ಕೂರಿಸಿದ್ದರು. ಜನರ ಅಂಕ ಹೇಳೋ ಹೊತ್ತು ಬಂತು. ಸೊನ್ನೆ. ಅವಳದ್ದೇ ದೇಶ, ಅವಳದ್ದೇ ಜನ ತುಂಬಿದ ಸಭಾಂಗಣ. ಆ ಮಗು ನಕ್ಕಿತು, ಅಪ್ಪ. ಏನು ಮಾಡಬೇಕು ಪಾಪ, ಕ್ಯಾಮೆರಾ ಮುಖದ ಮೇಲೇ ಇದೆ. ನಮ್ಮ ಟಿವಿ ಸ್ಪರ್ಧೆಗಳಲ್ಲಿ ಮಕ್ಕಳನ್ನ ಅಳಿಸೋದು ನೋಡಿ ನೀವು ಚಾನೆಲ್ ಬದಲಾಯಿಸುತ್ತಿದ್ದಿರಿ. ಇಲ್ಲಿ ಅಳಿಸೋದಿಲ್ಲ, ನಗಿಸುತ್ತಾರೆ. ಯಾವುದು ಮೇಲು ಅಂತ ಗೊತ್ತಾಗಲಿಲ್ಲ. ಜನರ ಓಟಿನಲ್ಲಿ ಎಲ್ಲರಿಗಿಂತ ಮುಂದೆ ಬಂದದ್ದು ಇಸ್ರೇಲ್, ತೀರ್ಪುಗಾರರದ್ದೂ ಸೇರಿಸಿದಾಗ ಎರಡನೇ ಸ್ಥಾನ. ಈ ಸಲ ಒಬ್ಬರು 20 ಓಟು ಹಾಕಬಹುದಿತ್ತಂತೆ! ಹಾಡಿಗೆ ಹಾಕಿದ್ದೆಷ್ಟು, ಬಾವುಟಕ್ಕೆ ಹಾಕಿದ್ದೆಷ್ಟು ಅಂತ ನಾವಿಬ್ಬರೂ ಮಧ್ಯರಾತ್ರಿ ಮೇಲೆ ಚರ್ಚೆ ಮಾಡಿದೆವು. ಪುಟ್ಟನದ್ದು ಬೇರೆಯೇ ಪ್ರಶ್ನೆ. ಈ ಸ್ಪರ್ಧೆಗೆ ಆಸ್ಟ್ರೇಲಿಯಾ ಕೂಡ ಬರುತ್ತೆ. ಅದು ಬರಬಹುದು ಅಂದ್ರೆ ಕರ್ನಾಟಕ ಯಾಕೆ ಬರಬಾರದು? ನನ್ನ ಹತ್ತಿರ ಉತ್ತರ ಇಲ್ಲ.

ಇವತ್ತು ಬೆಳಿಗ್ಗೆ ಆ ಹುಡುಗಿಯನ್ನ ರೈಲು ಹತ್ತಿಸೋಕೆ ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರ್ಮ್ ತುಂಬ ಕೆಂಪು. ಇಷ್ಟೊಂದು ಜನ ಫುಟ್‌ಬಾಲ್‌ಗೆ ಹೊರಟಿದ್ದಾರಾ ಅಂದುಕೊಂಡೆ, ಯಾಕೆಂದರೆ ನಮ್ಮೂರಿನ ತಂಡದ ಬಣ್ಣ ಕೆಂಪು ಬಿಳಿ. ಸರಿಯಾಗಿ ನೋಡಿದರೆ ಎರಡು ಥರದ ಕೆಂಪು. ಕೆಲವರ ಕುತ್ತಿಗೆಗೆ ತಂಡದ ಶಾಲು, ಕೈಯಲ್ಲಿ ಆಗಲೇ ಬಿಯರ್ ಡಬ್ಬಿ. ಇನ್ನು ಕೆಲವರು ಕೆಂಪು ಕೋಟು, ಕೆಂಪು ಸ್ವೆಟರು, ಒಬ್ಬ ಅಜ್ಜಿ ಅಡುಗೆಮನೆಯ ಕೆಂಪು ಮೇಜುಬಟ್ಟೆಯನ್ನೇ ಹೆಗಲಿಗೆ ಸುತ್ತಿಕೊಂಡಿದ್ದರು. ಇವರೆಲ್ಲ ಹೇಗ್‌ಗೆ. ಗಾಜಾದ ವಿಷಯದಲ್ಲಿ ಸರ್ಕಾರ ಗಟ್ಟಿಯಾಗಿ ನಿಲ್ಲಬೇಕು ಅಂತ ಮೆರವಣಿಗೆ, ಎಲ್ಲರೂ ಕೆಂಪು ಉಟ್ಟು ಬರಬೇಕು, ಜನರೇ ಒಂದು ಕೆಂಪು ಗೆರೆ ಆಗಬೇಕು ಅಂತ ಕರೆ. ಫುಟ್‌ಬಾಲ್‌ನವರು ರಾಟರ್‌ಡ್ಯಾಮ್‌ನಲ್ಲಿ ಇಳಿಯೋರು, ಇವರು ಇನ್ನೂ ಮುಂದೆ. ಎಲ್ಲರಿಗೂ ಅದೇ ರೈಲು. ಒಬ್ಬ ಶಾಲಿನ ಹುಡುಗ ಆ ಮೇಜುಬಟ್ಟೆ ಅಜ್ಜಿಗೆ ಸೀಟು ಬಿಟ್ಟುಕೊಟ್ಟು ಏನೋ ಅಂದ, ಅಜ್ಜಿ ಜೋರಾಗಿ ನಕ್ಕರು. ಏನು ಅಂದ ಅಂತ ನನಗೆ ಅರ್ಥ ಆಗಲಿಲ್ಲ. ಈ ಕಡೆಯ ಭಾಷೆ ಪಾಠದಲ್ಲಿ ಕಲಿಸೋ ಡಚ್‌ನ ಹಾಗಿರೋದಿಲ್ಲ, ನಮ್ಮ ಹಾಸನದ ಕನ್ನಡ ಪುಸ್ತಕದ ಕನ್ನಡದ ಹಾಗಿಲ್ಲವಲ್ಲ, ಹಾಗೆ. ಸಂಜೆ ಸುದ್ದಿಯಲ್ಲಿ ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು ಅಂತ ಸಂಘಟಕರು ಹೇಳಿದರು. ಮೇಲಿನಿಂದ ತೆಗೆದ ಚಿತ್ರದಲ್ಲಿ ಬೀದಿಗೆ ಬೀದಿಯೇ ಕೆಂಪಗೆ ಹರಿದ ಹಾಗಿತ್ತು. ಆ ಮೇಜುಬಟ್ಟೆ ಕಾಣುತ್ತಾ ಅಂತ ಹುಡುಕಿದೆ. ಪುಟ್ಟನಿಗೆ ಮಾತ್ರ ಊರಿನ ಹೆಸರೇ ತಮಾಷೆ, ‘ಹೇಗ್‌ಗೆ ಹೇಗೆ ಹೋಗೋದು’ ಅಂತ ಇಡೀ ದಿನ ಹಾಡಿಕೊಂಡ.

ಮನೆಗೆ ಬಂದು ತೂತಿನ ಪೇಪರ್ ಹಿಡಿದುಕೊಂಡು ಅಜ್ಜನ ಮನೆ ಬಾಗಿಲು ತಟ್ಟಿದೆ. ನನಗೆ ಅರ್ಥ ಆದದ್ದು ಇಷ್ಟೆ, ನಮ್ಮೂರಿನ ತಂಡ ಪಿಎಸ್‌ವಿ ದೇಶದ ಲೀಗ್‌ನಲ್ಲಿ ಒಂದು ಅಂಕ ಮುಂದಿದೆ. ಯಾರಿಗಿಂತ, ಹೇಗೆ, ಯಾಕೆ, ಎಲ್ಲ ಅಜ್ಜಿಯ ಅಡುಗೆಮನೆಯಲ್ಲಿ. ಅಜ್ಜ ಬಾಗಿಲಲ್ಲೇ ನಿಂತು ಇಪ್ಪತ್ತು ನಿಮಿಷ ಹೇಳಿದರು. ಆ್ಯಮ್‌ಸ್ಟರ್‌ಡ್ಯಾಮ್‌ನ ಅಯಾಕ್ಸ್ ತಂಡ, ಐದು ಪಂದ್ಯ ಉಳಿದಿರುವಾಗ 9 ಅಂಕ ಮುಂದಿತ್ತಂತೆ. ಇನ್ನೇನು ಮುಗೀತು ಅಂತ ನಮ್ಮೂರಿನವರೇ ಕೈಚೆಲ್ಲಿದ್ದರು. ಆಮೇಲೆ ಅಯಾಕ್ಸ್ ಸೋಲುತ್ತಾ, ಸಮ ಮಾಡಿಕೊಳ್ಳುತ್ತಾ ಬಂತು. ಹೋದ ಭಾನುವಾರ ನಮ್ಮವರು ಎರಡು ಗೋಲು ಹಿಂದಿದ್ದವರು ಹೆಚ್ಚುವರಿ ಸಮಯದ ಒಂಬತ್ತನೇ ನಿಮಿಷದಲ್ಲಿ ಗೆದ್ದರು. ಬುಧವಾರ ಅಯಾಕ್ಸ್ ಗೆಲ್ಲುತ್ತಿದ್ದದ್ದು ಹೆಚ್ಚುವರಿ ಸಮಯದ ಒಂಬತ್ತನೇ ನಿಮಿಷದಲ್ಲೇ ಗೋಲು ಬಿಟ್ಟುಕೊಟ್ಟಿತು. ಅಜ್ಜ ಈ ಎರಡು ಒಂಬತ್ತನ್ನ ಬೆರಳು ಮಡಿಸಿ ಮಡಿಸಿ ತೋರಿಸಿದರು, ನಮ್ಮ ಜೋಯಿಸರು ಗುರುಬಲ ಎಣಿಸೋ ಹಾಗೆ.

ಮಧ್ಯಾಹ್ನ ಲೀಗ್‌ನ ಕೊನೇ ಆಟ ಅವರ ಮನೆಯಲ್ಲೇ ನೋಡಿದೆವು. ನಾನು ಅಮ್ಮ ಕಳಿಸಿದ ಕೋಡುಬಳೆ ತಗೊಂಡು ಹೋದೆ. ಕೊನೇ ಡಬ್ಬಿ ಅಮ್ಮ, ಖಾಲಿಯಾಯಿತು, ಅರ್ಥ ಮಾಡಿಕೋ. ಅಜ್ಜ ಫಿಲಿಪ್ಸ್ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದವರು. ಈ ಊರು ಬೆಳೆದದ್ದೇ ಆ ಬಲ್ಬಿನ ಕಾರ್ಖಾನೆಯಿಂದ, 1891ರಲ್ಲಿ ಶುರುವಾದದ್ದು. ಪಿಎಸ್‌ವಿಯ ಮೊದಲ ಅಕ್ಷರವೇ ಫಿಲಿಪ್ಸ್, 1913ರಲ್ಲಿ ಕೆಲಸಗಾರರಿಗೆ ಅಂತ ಕಟ್ಟಿದ ಸಂಘ. ಅಪ್ಪ, ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ತಂಡಗಳ ಫುಟ್‌ಬಾಲ್ ನೋಡೋಕೆ ಹೋಗುತ್ತಿದ್ದೆ ಅಂತ ಹೇಳುತ್ತಿದ್ದಿರಲ್ಲ, ಅಜ್ಜನಿಗೆ ಅದನ್ನ ಹೇಳಿದೆ. ಕಾರ್ಖಾನೆ ತಂಡ ಅಂದ ಕೂಡಲೇ ಅವರ ಮುಖ ಅರಳಿತು, ‘ನಿನ್ನ ಅಪ್ಪ ತಿಳಿದವರು’ ಅಂದರು. ಈಗ ಕಂಪನಿಯ ದೊಡ್ಡ ಆಫೀಸು ಆ್ಯಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಎಷ್ಟೋ ವರ್ಷ ಆಯಿತು. ಅದಕ್ಕೇ ಆ್ಯಮ್‌ಸ್ಟರ್‌ಡ್ಯಾಮ್ ತಂಡ ಸೋತರೆ ಅಜ್ಜನಿಗೆ ಒಂದು ಕೈ ಜಾಸ್ತಿ ಖುಷಿ. ಇದು ನನ್ನ ಊಹೆ, ಅವರು ಹೇಳಿಲ್ಲ.

3–1ಕ್ಕೆ ಗೆದ್ದರು. ಅಯಾಕ್ಸೂ ಅವರ ಆಟ ಗೆದ್ದಿತು, ಆದರೂ 79ಕ್ಕೆ 78. ಆ ಒಂದೇ ಅಂಕ ಉಳಿಯಿತು. ಅಜ್ಜನಿಗೆ ಇದೂ ಸಾಲದು, 2007ರಲ್ಲಿ ಬರೀ ಒಂದು ಗೋಲಿನ ಲೆಕ್ಕದಲ್ಲಿ ಗೆದ್ದಿದ್ದೆವು, ಅದರ ಮುಂದೆ ಇದೇನು ಅಂದರು. ಅಂದರೂ ಕಣ್ಣು ಒರೆಸಿಕೊಂಡರು. ಇಲ್ಲಿ ಕಪ್ ಕೊಡೋದಿಲ್ಲ ಅಮ್ಮ, ತಟ್ಟೆ ಕೊಡುತ್ತಾರೆ. ನಿಜ, ಬೆಳ್ಳಿಯ ಬಣ್ಣದ ದೊಡ್ಡ ತಟ್ಟೆ, ಒಬ್ಬಟ್ಟು ಬಡಿಸಬಹುದು. ನಿಮ್ಮ ಅಳಿಯ ಆ ತಟ್ಟೆಯನ್ನ ನೋಡಿ, ನಮ್ಮ ಆರ್‌ಸಿಬಿಗೆ ಹದಿನೇಳು ವರ್ಷದಿಂದ ಕಪ್ ಸಿಗಲಿಲ್ಲ, ಇವರ ಹಾಗೆ ತಟ್ಟೆಯಾದರೂ ಕೊಡಬಾರದಾ ಅಂತ ನಿಟ್ಟುಸಿರು ಬಿಟ್ಟರು. ಇದನ್ನ ಬರೆಯುವಾಗಲೂ ಹೊರಗೆ ಕಾರಿನ ಹಾರ್ನು ನಿಂತಿಲ್ಲ. ನಾಳೆ ಊರೊಳಗೆ ಮೆರವಣಿಗೆ, ಲಾರಿ ಮೇಲೆ ಆಟಗಾರರು. ನಾನು ಮನೆಯಿಂದಲೇ ಕೆಲಸ ಮಾಡೋದು ಅಂತ ತೀರ್ಮಾನಿಸಿದ್ದೀನಿ.

ಇನ್ನೊಂದು ವಿಷಯ. ಇದನ್ನ ಮೊದಲೇ ಬರೆಯಬೇಕಿತ್ತು, ಬೇಕಂತಲೇ ಉಳಿಸಿಕೊಂಡೆ. ಮಂಗಳವಾರ ರಾತ್ರಿ ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಘೋಷಣೆ. ನಮ್ಮ ಊರಿನ ವಕೀಲರು, ಬಾನು ಮುಷ್ತಾಕ್ ಅವರ ಹನ್ನೆರಡು ಕಥೆ, ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷ್ ಮಾಡಿರೋದು, ‘ಹಾರ್ಟ್ ಲ್ಯಾಂಪ್’. ಕೊನೆಯ ಆರು ಪುಸ್ತಕದಲ್ಲಿ ಒಂದು. ಅನಂತಮೂರ್ತಿಯವರು 2013ರಲ್ಲಿ ಅಂತಿಮ ಪಟ್ಟಿಯಲ್ಲಿದ್ದಾಗ ನೀವು ರಾತ್ರಿ ಎದ್ದು ಟಿವಿ ಹಾಕಿದ್ದಿರಿ, ಅಪ್ಪ. ಆಗ ಬರೆದವರ ಒಟ್ಟು ಕೆಲಸಕ್ಕೆ ಕೊಡುತ್ತಿದ್ದರು, ಈಗ ಒಂದು ಪುಸ್ತಕಕ್ಕೆ. 50,000 ಪೌಂಡಿನಲ್ಲಿ ಬರೆದವರಿಗೆ ಅರ್ಧ, ಅನುವಾದ ಮಾಡಿದವರಿಗೆ ಅರ್ಧ. ಈ ಲೆಕ್ಕ ನನಗೆ ತುಂಬ ಹಿಡಿಸಿತು.

ಪುಸ್ತಕ ಇಲ್ಲಿನ ಅಂಗಡಿಯಲ್ಲಿ ಹೇಳಿ ತರಿಸಿಕೊಂಡೆ. ದಿನಕ್ಕೆ ಒಂದು ಕಥೆ ಓದುತ್ತಿದ್ದೀನಿ, ಅದಕ್ಕಿಂತ ಜಾಸ್ತಿ ಆಗೋದಿಲ್ಲ, ಎದೆ ಭಾರ ಆಗುತ್ತೆ. ಆ ಮನೆಗಳು ನಾವು ಬೀದಿಯಿಂದ ಮಾತ್ರ ನೋಡಿದ ಮನೆಗಳು. ಹಬ್ಬಕ್ಕೆ ಅವರು ಪಾಯಸ ಕಳಿಸುತ್ತಿದ್ದರು, ನಾವು ಬಾಗಿಲಲ್ಲೇ ಈಸಿಕೊಂಡು ಪಾತ್ರೆ ತೊಳೆದು ವಾಪಸ್ ಕೊಡುತ್ತಿದ್ದೆವು. ಒಳಗೆ ಏನು ನಡೀತಿದೆ ಅಂತ ನಾವು ಯಾವತ್ತು ಕೇಳಿದೆವು? ಇಂಗ್ಲಿಷಿನಲ್ಲಿ ಓದುತ್ತಿದ್ದರೂ ಕಿವಿಗೆ ಹಾಸನವೇ ಕೇಳುತ್ತೆ. ದೀಪಾ ಅವರು ಕನ್ನಡದ ಪದ, ಉರ್ದು ಪದ ಅಲ್ಲಲ್ಲೇ ಹಾಗೇ ಬಿಟ್ಟಿದ್ದಾರೆ. ಓರೆ ಅಕ್ಷರ ಇಲ್ಲ, ಪುಟದ ಕೆಳಗೆ ಅರ್ಥ ಕೊಟ್ಟಿಲ್ಲ. ಆಫೀಸಿನ ಗೆಳತಿಗೆ ಓದೋಕೆ ಕೊಟ್ಟಿದ್ದೆ, ಕೆಲವು ಪದ ಗೊತ್ತಾಗಲಿಲ್ಲ ಅಂದಳು. ಗೊತ್ತಾಗದಿದ್ದರೆ ಊಹೆ ಮಾಡಿಕೋ ಅಂದೆ. ನಾನು ಮೂರು ವರ್ಷದಿಂದ ನಿಮ್ಮ ಪೇಪರ್ ಹಾಗೇ ಓದುತ್ತಿಲ್ವಾ? ಸ್ವಲ್ಪ ಜೋರಾಗೇ ಅಂದೆ ಅನ್ನಿಸುತ್ತೆ, ಅವಳು ನಕ್ಕು ಸುಮ್ಮನಾದಳು. ಇವತ್ತು ಪುಸ್ತಕ ಅಜ್ಜಿಯ ಮನೆಯಲ್ಲಿದೆ. ಅಜ್ಜಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಆದರೂ ಕೇಳಿ ತಗೊಂಡರು. ಕತ್ತರಿ ಮುಟ್ಟಿಸಬೇಡಿ ಅಂತ ಹೇಳಿಯೇ ಕೊಟ್ಟಿದ್ದೀನಿ.

ಗೆಲ್ಲುತ್ತಾರೋ ಇಲ್ಲವೋ. ಶನಿವಾರ ರಾತ್ರಿಯ ಅಂಕ ನೋಡಿದ ಮೇಲೆ ತೀರ್ಪುಗಾರರ ಮನಸ್ಸಿನಲ್ಲಿ ಏನಿದೆ ಅಂತ ಹೇಳೋ ಧೈರ್ಯ ನನಗಿಲ್ಲ. ಹೆಸರು ಹೇಳುವ ಹೊತ್ತಿಗೆ ನಿಮ್ಮಲ್ಲಿ ನಡುರಾತ್ರಿ ದಾಟಿರುತ್ತೆ, ಅಪ್ಪ ನೀವು ನಿದ್ದೆಗೆಟ್ಟು ಕೂರಬೇಡಿ, ಬಿಪಿ ಮಾತ್ರೆ ತಗೊಂಡು ಮಲಗಿ. ನಾನು ಎದ್ದಿರುತ್ತೀನಿ, ಬೆಳಿಗ್ಗೆ ಫೋನ್ ಮಾಡುತ್ತೀನಿ, ಈ ಸಲ ಏನಿಲ್ಲ ಅನ್ನೋದಿಲ್ಲ.

ಅಷ್ಟು ತಡವಾದರೆ ಬುಧವಾರದ ಪೇಪರಿಗೆ ಸುದ್ದಿ ಸಿಗೋದು ಅನುಮಾನ. ಗುರುವಾರದ್ದು ಎತ್ತಿಡಿ. ಎರಡು ಮೂರು ಪೇಪರ್ ಬೇರೆ ಬೇರೆ ತಗೊಳ್ಳಿ, ತಮ್ಮ ಜುಲೈನಲ್ಲಿ ಬರುವಾಗ ಕೊಟ್ಟು ಕಳಿಸಿ, ಕೋಡುಬಳೆ ಡಬ್ಬಿಯ ಜೊತೆ. ಅಮ್ಮ, ನಿನಗೇ ಹೇಳ್ತಿರೋದು, ಅದನ್ನ ಅಡುಗೆಮನೆ ಶೆಲ್ಫಿಗೆ ಹಾಸಬೇಡ. ಅದರ ಹಿಂದಿನ ಪುಟದಲ್ಲಿ ಎಷ್ಟೇ ಚೆನ್ನಾದ ರಂಗೋಲಿ ಇದ್ದರೂ.

ಇಂತಿ ನಿಮ್ಮ,
ಮಗಳು